ಹುಳಿ, ಒಗರು ಮತ್ತು ಒಂದು ಕರಿ ಹುಂಜ: ಕಿಯಾಂತಿ ಕ್ಲಾಸಿಕೊ ಕುಡಿದು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ವೈನ್ ಪಂಡಿತೆ ಅಲ್ಲ. ಗ್ಲಾಸಿನೊಳಗೆ ಮೂಗು ಇಳಿಸಿ ಕಣ್ಣು ಮುಚ್ಚಿ "ಆಹಾ, ಒದ್ದೆ ಕಲ್ಲು" ಅನ್ನುವವರನ್ನು ಕಂಡರೆ ಈಗಲೂ ನಗು ತಡೆಯಲಾಗುವುದಿಲ್ಲ. ಆದರೆ ಹೋದ ಅಕ್ಟೋಬರಿನಲ್ಲಿ ಫ್ಲಾರೆನ್ಸಿನ ಅಕ್ಕನ ಮನೆಯಲ್ಲಿ 15 ದಿನ ಇದ್ದೆ. ಆ 15 ದಿನದಲ್ಲಿ ಒಂದೇ ಒಂದು ವೈನನ್ನು ಬೇರೆ ಬೇರೆ ಬಾಟಲಿಯಲ್ಲಿ, ಬೇರೆ ಬೇರೆ ಊಟದ ಜೊತೆ, ಒಮ್ಮೆ ಬಸ್‌ಸ್ಟಾಪಿನ ಪಕ್ಕದ ಕಟ್ಟೆ ಮೇಲೆ ಕೂತು ಸಹ ಕುಡಿದು ನೋಡಿದೆ. ಅದರ ಬಗ್ಗೆ ಬರೆಯುವಷ್ಟು ಹಕ್ಕು ಬಂದಿದೆ ಅಂದುಕೊಂಡಿದ್ದೇನೆ. ವೈನಿನ ಹೆಸರು ಕಿಯಾಂತಿ ಕ್ಲಾಸಿಕೊ, ಇಟಲಿಯ ಟಸ್ಕನಿಯಲ್ಲಿ ಫ್ಲಾರೆನ್ಸಿಗೂ ಸಿಯೆನಾಗೂ ನಡುವಿನ ಗುಡ್ಡಗಳ ಕೆಂಪು ವೈನ್. ಚಿಯಾಂಟಿ ಅಲ್ಲ, ಕಿಯಾಂತಿ. ನಾನೂ ಮೂರು ದಿನ ಚಿಯಾಂಟಿ ಅಂತಲೇ ಕೇಳುತ್ತಿದ್ದೆ, ಅಂಗಡಿಯವರು ಪಾಪ ನಗದೆ ಕೊಡುತ್ತಿದ್ದರು.

ನನಗೂ ಇದಕ್ಕೂ ಮೊದಲು ಪರಿಚಯ ಆದದ್ದು ಬೆಂಗಳೂರಿನಲ್ಲಿ, ನಾಲ್ಕೈದು ವರ್ಷದ ಹಿಂದೆ. ಆ ಹೋಟೆಲಿನ ಹೆಸರು ಬೇಡ. ಏಪ್ರಿಲ್ ತಿಂಗಳ ಸೆಕೆ, ಬಾಟಲಿ ಯಾವಾಗ ತೆರೆದಿದ್ದೋ ಗೊತ್ತಿಲ್ಲ, ಗ್ಲಾಸ್ ಮುಟ್ಟಿದರೆ ಬೆಚ್ಚಗಿತ್ತು. ಜೊತೆಗೆ ಕ್ರೀಮ್ ಹಾಕಿದ ಸಿಹಿಸಿಹಿ ಪಾಸ್ತಾ. ಒಂದು ಗುಟುಕು ಕುಡಿದೆ, ಹುಳಿ. ಇನ್ನೊಂದು ಗುಟುಕು, ಬಾಯೆಲ್ಲ ಒಗರು. 1,100 ರೂಪಾಯಿ ಕೊಟ್ಟು ಕಷಾಯ ಕುಡಿದ ಹಾಗಾಯಿತು. "ಇಟಲಿಯವರಿಗೆ ಏನಾಗಿದೆ" ಅಂತ ನಮ್ಮನೆಯವರ ಹತ್ತಿರ ಹೇಳಿದ್ದೆ. ಇಟಲಿಯವರಿಗೆ ಏನೂ ಆಗಿರಲಿಲ್ಲ ಅಂತ ಅರ್ಥ ಆಗಲು ಇಷ್ಟು ವರ್ಷ ಬೇಕಾಯಿತು.

ಫ್ಲಾರೆನ್ಸಿನಲ್ಲಿ ಎರಡನೇ ದಿನ ಭಾವ ಒಂದು ಸಣ್ಣ ತ್ರತ್ತೋರಿಯಾಕ್ಕೆ ಕರೆದುಕೊಂಡು ಹೋದರು. ತ್ರತ್ತೋರಿಯಾ ಅಂದರೆ ನಮ್ಮ ಊಟದ ಮನೆ ಥರ, ಮನೆಮಂದಿಯೇ ನಡೆಸುವಂಥದ್ದು. ಮೇಜಿನ ಮೇಲೆ ಕಾಗದ ಹಾಸಿರುತ್ತಾರೆ, ಮೆನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ. ಅಕ್ಕ ಪಾಪ್ಪಾ ಅಲ್ ಪೊಮೊದೋರೊ ಹೇಳಿದಳು. ಹಳೇ ಬ್ರೆಡ್ಡು, ಟೊಮೇಟೊ, ಬೆಳ್ಳುಳ್ಳಿ, ತುಳಸಿಯ ತಮ್ಮನಂಥ ಬೇಸಿಲ್ ಎಲೆ, ಮೇಲೆ ಧಾರಾಳ ಆಲಿವ್ ಎಣ್ಣೆ, ಎಲ್ಲ ಸೇರಿ ಗಂಜಿಯ ಹದಕ್ಕೆ ಬೆಂದಿರುತ್ತದೆ. ಭಾವ ಮಾಂಸ ತರಿಸಿದರು. ಕುಡಿಯಲು ಅದೇ ಕಿಯಾಂತಿ ಕ್ಲಾಸಿಕೊ. ನಾನು ಮುಖ ಹುಳ್ಳಗೆ ಮಾಡಿದೆ. ಭಾವ ಹೇಳಿದ್ದು ಇಷ್ಟೇ: "ಮೊದಲು ಕುಡಿಬೇಡ. ಎರಡು ಚಮಚ ತಿನ್ನು, ಆಮೇಲೆ ಒಂದು ಗುಟುಕು, ಮತ್ತೆ ಎರಡು ಚಮಚ."

ಹಾಗೇ ಮಾಡಿದೆ. ಟೊಮೇಟೊದ ಹುಳಿ ವೈನಿನ ಹುಳಿಯನ್ನು ಅರ್ಧ ತಿಂದು ಹಾಕಿತು. ಬಾಯಲ್ಲಿ ಉಳಿದಿದ್ದ ಎಣ್ಣೆಯ ಜಿಡ್ಡನ್ನು ವೈನಿನ ಒಗರು ಒರೆಸಿಕೊಂಡು ಹೋಯಿತು. ಮುಂದಿನ ಚಮಚಕ್ಕೆ ನಾಲಿಗೆ ಮತ್ತೆ ಹೊಸದಾಗಿತ್ತು. ಸುಮ್ನೆ ಕುಡಿದರೆ ಜಗಳಗಂಟಿ ಅನಿಸಿದ ವೈನು ಊಟದ ಜೊತೆ ಕೂತಾಗ ಮನೆಮಂದಿ ಥರ ಮಾತಾಡಿತು. ಅರ್ಧ ಗ್ಲಾಸು ಕುಡಿಯಬೇಕು ಅಂದುಕೊಂಡವಳು ಎರಡು ಗ್ಲಾಸ್ ಮುಗಿಸಿದೆ, ತಟ್ಟೆಯನ್ನೂ ಬ್ರೆಡ್ಡಿನಿಂದ ಒರೆಸಿ ತಿಂದೆ.

ಇಲ್ಲಿ ನಮ್ಮ ಭಾಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಇಂಗ್ಲಿಷಿನಲ್ಲಿ ವೈನ್ ಬಗ್ಗೆ ಓದಿದರೆ ಟ್ಯಾನಿನ್ ಅನ್ನುವ ಪದ ಬಂದು ಜನ ಗಾಬರಿ ಬೀಳುತ್ತಾರೆ, ಅದನ್ನು ವಿವರಿಸಲು ಪುಟಗಟ್ಟಲೆ ಬರೆಯುತ್ತಾರೆ. ನಮಗೆ ಆ ಕಷ್ಟ ಯಾಕೆ? ಒಗರು ಅಂದರೆ ಮುಗಿಯಿತು. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ದಪ್ಪಗಾಗುತ್ತದಲ್ಲ, ಬಾಳೆಕಾಯಿ ಕಚ್ಚಿದರೆ ಒಸಡು ಹಿಡಿದ ಹಾಗಾಗುತ್ತದಲ್ಲ, ಅದೇ. ನಾನು ಸಾಗರದ ಕಡೆಯವಳು. ಅಡಿಕೆ ಸುಗ್ಗಿಯಲ್ಲಿ ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ಚೊಗರು ನೋಡಿಕೊಂಡೇ ಬೆಳೆದವಳು. ಕೈಗೆ ಅಂಟಿದರೆ ವಾರ ಹೋಗುವುದಿಲ್ಲ, ಚಿಕ್ಕವಳಿದ್ದಾಗ ಒಮ್ಮೆ ಬೆರಳಿಟ್ಟು ನೆಕ್ಕಿ ಅಜ್ಜಿಯ ಹತ್ತಿರ ಬೈಸಿಕೊಂಡಿದ್ದೂ ಉಂಟು. ವೈನಿನ ಒಗರು ಅದರದ್ದೇ ದೂರದ ನೆಂಟ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುತ್ತದೆ, ಸ್ವಲ್ಪ ಮರದ ಪೀಪಾಯಿಯಿಂದಲೂ ಬರುತ್ತದೆ. ಬಾಯಿಯ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಬಾಯಿ ಒಣಗಿದ ಹಾಗಾಗುತ್ತದೆ. ಎದುರಿಗೆ ಮಾಂಸವೋ ಚೀಸೋ ಇದ್ದರೆ ಅದು ಅವುಗಳ ಪ್ರೋಟೀನು, ಕೊಬ್ಬಿನ ಜೊತೆ ಬೆರೆತು ನಿಮ್ಮ ನಾಲಿಗೆಯನ್ನು ಬಿಟ್ಟುಬಿಡುತ್ತದೆ. ನಮಗೆ ಹುಳಿ ಹೊಸದಲ್ಲ, ಒಗರೂ ಹೊಸದಲ್ಲ. ಅದಕ್ಕೇ ನನ್ನ ವಾದ ಇಷ್ಟು: ಸಿಹಿ ವೈನಿನಿಂದ ಶುರು ಮಾಡಿ ಅಂತ ನಮ್ಮವರಿಗೆ ಹೇಳುವುದು ತಪ್ಪು. ದಿನಾ ಹುಣಸೆಹಣ್ಣು ಹಿಂಡುವ ಮನೆಯವರಿಗೆ ಕಿಯಾಂತಿಯೇ ಸುಲಭ. ಸರಿಯಾಗಿ ಬಡಿಸಬೇಕು, ಅಷ್ಟೇ.

ಈ ಗುಣವೆಲ್ಲ ಬರುವುದು ಸಾಂಜೊವೇಸೆ ಅನ್ನುವ ದ್ರಾಕ್ಷಿಯಿಂದ. ಬಾಟಲಿಯಲ್ಲಿ ಕಡಿಮೆ ಅಂದರೂ 80% ಇದೇ ಇರಬೇಕು ಅಂತ ಕಾನೂನು. ಉಳಿದದ್ದಕ್ಕೆ ಕನಯೋಲೊ, ಕೊಲೊರೀನೊ ಥರದ ಸ್ಥಳೀಯ ದ್ರಾಕ್ಷಿಯನ್ನೋ, ಮೆರ್ಲೊ, ಕ್ಯಾಬರ್ನೆ ಥರದ ಹೊರಗಿನ ಕೆಂಪು ದ್ರಾಕ್ಷಿಯನ್ನೋ ಹಾಕಬಹುದು. ಹಲವರು ಪೂರ್ತಿ ಸಾಂಜೊವೇಸೆಯೇ ಹಾಕುತ್ತಾರೆ. ಇದು ನಿಧಾನಕ್ಕೆ ಹಣ್ಣಾಗುವ ಜಾತಿ. ಹಗಲು ಬಿಸಿಲು, ರಾತ್ರಿ ಚಳಿ ಇರುವ ಗುಡ್ಡದಲ್ಲಿ ಬೆಳೆದರೆ ಹುಳಿ ಹಾಗೇ ಉಳಿಯುತ್ತದೆ. ಬಣ್ಣ ಜಾಸ್ತಿ ಗಾಢ ಇರುವುದಿಲ್ಲ, ಗ್ಲಾಸಿನ ಆಚೆಗಿನ ಬೆರಳು ಮಸುಕಾಗಿ ಕಾಣುತ್ತದೆ. ಕೆಂಪು ವೈನ್ ಅಂದರೆ ಶಾಯಿಯ ಥರ ಕಪ್ಪಗಿರಬೇಕು ಅಂದುಕೊಂಡವರು "ನೀರು ಬೆರೆಸಿದ್ದಾರಾ" ಅಂತ ಕೇಳಬಹುದು. ಬೆರೆಸಿಲ್ಲ, ಅದರ ಬಣ್ಣವೇ ಅದು. ವಾಸನೆಗೆ ಹುಳಿ ಚೆರ್ರಿ, ಸ್ವಲ್ಪ ಒಣಗಿದ ಸೊಪ್ಪು, ಕೆಲವು ಬಾಟಲಿಯಲ್ಲಿ ಟೊಮೇಟೊ ಗಿಡದ ಎಲೆ ಉಜ್ಜಿದ ಹಾಗೆ. ವಯಸ್ಸಾದಂತೆ ಚರ್ಮ, ಹೊಗೆಸೊಪ್ಪು, ಒದ್ದೆ ತರಗೆಲೆ. ಹಾಂ, ಒದ್ದೆ ತರಗೆಲೆ ಅಂತ ನಾನೇ ಬರೆದೆ. ಮೊದಲ ಪ್ಯಾರಾದಲ್ಲಿ ನಕ್ಕಿದ್ದು ವಾಪಸ್.

ಮೊದಲ ವಾರ ಊರೊಳಗೇ ಕುಡಿದಾಯಿತು. ಆಮೇಲೆ ಒಂದು ದಿನ ಫ್ಲಾರೆನ್ಸಿನಿಂದ ಗ್ರೇವೆ ಅನ್ನುವ ಕಿಯಾಂತಿಯ ಪೇಟೆಗೆ ಬಸ್ಸಿನಲ್ಲಿ ಹೋದೆವು. ಸುಮಾರು 30 ಕಿಲೋಮೀಟರ್, ಒಂದು ಗಂಟೆಯ ದಾರಿ. ರಸ್ತೆಗೆ ಕಿಯಾಂತಿಜಾನಾ ಅಂತಲೇ ಹೆಸರು, ಫ್ಲಾರೆನ್ಸಿನಿಂದ ಸಿಯೆನಾದ ತನಕ ಗುಡ್ಡ ಸುತ್ತಿಕೊಂಡು ಹೋಗುತ್ತದೆ. ಫೋಟೋಗಳಲ್ಲಿ ಬರೀ ದ್ರಾಕ್ಷಿ ಸಾಲು ತೋರಿಸುತ್ತಾರೆ. ನಿಜಕ್ಕೂ ನೋಡಿದರೆ ಕಾಡೇ ಜಾಸ್ತಿ. ಓಕ್ ಮರ, ಅದರ ಮಧ್ಯೆ ಅಲ್ಲಲ್ಲಿ ದ್ರಾಕ್ಷಿ, ಆಲಿವ್. ಕಾಡುಹಂದಿ ಕಾಟಕ್ಕೆ ತೋಟಕ್ಕೆ ಬೇಲಿ. ಮಲೆನಾಡಿನವರಿಗೆ ಇದೆಲ್ಲ ಹೇಳಿಕೊಡಬೇಕಾ? ಭಾವನ ಗೆಳೆಯರೊಬ್ಬರ ತೋಟದಲ್ಲಿ ಇಳಿದು ಮಣ್ಣು ನೋಡಿದೆ. ಮಣ್ಣು ಅಂತ ಹೇಳುವುದು ಮರ್ಯಾದೆಗೆ, ಅದು ಬರೀ ಕಲ್ಲು. ಗಲೆಸ್ತ್ರೊ ಅನ್ನುವುದು ಪದರ ಪದರವಾಗಿ ಕೈಯಲ್ಲೇ ಮುರಿಯುವ ಕಲ್ಲು, ಅಲ್ಬೆರೇಸೆ ಅನ್ನುವುದು ಗಟ್ಟಿ ಸುಣ್ಣದ ಕಲ್ಲು. ನೀರು ನಿಲ್ಲುವುದಿಲ್ಲ, ಬೇರು ಆಳಕ್ಕೆ ಹೋಗುತ್ತದೆ, ಬಳ್ಳಿ ಸೊಕ್ಕುವುದಿಲ್ಲ, ಹಣ್ಣು ಕಡಿಮೆ ಆದರೂ ರುಚಿ ಗಟ್ಟಿ ಅಂತ ಅವರು ಹೇಳಿದರು.

ಗ್ರೇವೆಯ ಚೌಕ ಚೌಕವೇ ಅಲ್ಲ, ಮುಕ್ಕೋನ. ಸುತ್ತ ಕಮಾನಿನ ಜಗಲಿ, ನಡುವೆ ಜೊವಾನ್ನಿ ದಾ ವೆರಾತ್ಸಾನೊ ಪ್ರತಿಮೆ. 1524ರಲ್ಲಿ ನ್ಯೂಯಾರ್ಕ್ ಬಂದರಿನೊಳಕ್ಕೆ ಹಡಗು ತಂದ ನಾವಿಕ ಈ ಗುಡ್ಡದ ಕಡೆಯವನಂತೆ. ಮಾಂಸದ ಅಂಗಡಿಯಲ್ಲಿ ಸೋಂಪು ಹಾಕಿದ ಫಿನೊಕ್ಕಿಯೋನಾ ಅನ್ನುವ ಸಾಸೇಜು ಸಿಗುತ್ತದೆ, ಭಾವ ಅದಕ್ಕೇ ಬಂದವರ ಹಾಗೆ ನೇರ ಅಲ್ಲಿಗೆ ಹೋದರು. ಅಕ್ಕ ನಾನು ಕುರಿ ಹಾಲಿನ ಪೆಕೊರೀನೊ ಚೀಸು, ಉಪ್ಪಿಲ್ಲದ ಬ್ರೆಡ್ಡು ತಗೊಂಡೆವು. ಟಸ್ಕನಿಯವರು ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ತಿಂದರೆ ಸಪ್ಪೆ. ಆದರೆ ಉಪ್ಪಿನ ಚೀಸಿನ ಜೊತೆ ತಿನ್ನಿ, ಮೇಲೆ ಈ ವೈನ್ ಕುಡಿಯಿರಿ, ಉಪ್ಪು ಯಾಕೆ ಹಾಕಿಲ್ಲ ಅಂತ ಆಗ ತಿಳಿಯುತ್ತದೆ. ನಾನು ಮೊದಲು ಹೇಳಿದ ಬಸ್‌ಸ್ಟಾಪಿನ ಕಟ್ಟೆ ಊಟ ಇದೇ. ಕಾಗದದ ಲೋಟದಲ್ಲಿ ಕುಡಿದೆವು. ನಿಜ ಹೇಳಬೇಕೆಂದರೆ ಇಡೀ ಪ್ರವಾಸದ ಒಳ್ಳೇ ಊಟ ಅದು.

ಬಾಟಲಿ ಕೊಳ್ಳುವವರು ಮೊದಲು ನೋಡಬೇಕಾದ್ದು ಕರಿ ಹುಂಜ. ಬಾಟಲಿಯ ಕುತ್ತಿಗೆಯ ಹತ್ತಿರ ಒಂದು ಹುಂಜದ ಮುದ್ರೆ ಇರುತ್ತದೆ. ಅದಕ್ಕೊಂದು ಕಥೆ ಇದೆ, ನಮ್ಮ ಅಜ್ಜಿ ಕಥೆಗಳ ಹಾಗೇ. ಫ್ಲಾರೆನ್ಸಿಗೂ ಸಿಯೆನಾಗೂ ಗಡಿ ಜಗಳ. ಬೆಳಿಗ್ಗೆ ಕೋಳಿ ಕೂಗಿದ ಕೂಡಲೇ ಎರಡೂ ಕಡೆಯಿಂದ ಒಬ್ಬೊಬ್ಬ ಸವಾರ ಹೊರಡಬೇಕು, ಇಬ್ಬರೂ ಎದುರಾದ ಜಾಗವೇ ಗಡಿ ಅಂತ ಒಪ್ಪಂದ. ಸಿಯೆನಾದವರು ಬಿಳಿ ಹುಂಜಕ್ಕೆ ಚೆನ್ನಾಗಿ ತಿನ್ನಿಸಿ ಮಲಗಿಸಿದರು, ಅದು ಹೊಟ್ಟೆ ತುಂಬಿ ನಿದ್ದೆ ಹೊಡೆಯಿತು. ಫ್ಲಾರೆನ್ಸಿನವರು ಕರಿ ಹುಂಜವನ್ನು ಉಪವಾಸ ಕೆಡವಿದರು. ಅದು ಹಸಿವಿಗೆ ಸೂರ್ಯ ಹುಟ್ಟುವ ಎಷ್ಟೋ ಮೊದಲೇ ಕೂಗಿತು. ಹಾಗಾಗಿ ಸವಾರರು ಎದುರಾದದ್ದು ಸಿಯೆನಾದ ಹತ್ತಿರವೇ ಇರುವ ಫೊಂತೆರೂತೊಲಿಯಲ್ಲಿ, ಕಿಯಾಂತಿ ಪೂರ್ತಿ ಫ್ಲಾರೆನ್ಸಿನ ಪಾಲಾಯಿತು. ಕಥೆ ಎಷ್ಟು ನಿಜವೋ, ಆದರೆ ಕರಿ ಹುಂಜ ಹಳೆಯ ಕಿಯಾಂತಿ ಒಕ್ಕೂಟದ ಗುರುತಾಗಿದ್ದದ್ದು ನಿಜ. 1924ರಲ್ಲಿ ರಾದ್ದಾ ಊರಿನಲ್ಲಿ 33 ಜನ ಬೆಳೆಗಾರರು ಸಂಘ ಕಟ್ಟಿದಾಗ ಅದನ್ನೇ ಮುದ್ರೆ ಮಾಡಿಕೊಂಡರು. ಅಮೆರಿಕದ ಗ್ಯಾಲೊ ಅನ್ನುವ ವೈನ್ ಕಂಪನಿ, ಹುಂಜಕ್ಕೆ ಇಟಾಲಿಯನ್ನಿನಲ್ಲಿ ಗಾಲ್ಲೊ ಅನ್ನುವ ಪದವೇ ತಮ್ಮ ಹೆಸರಿಗೆ ಅಡ್ಡ ಬರುತ್ತದೆ ಅಂತ ಕೋರ್ಟಿಗೆ ಹೋಗಿ ಗೆದ್ದಿತ್ತಂತೆ. ಹುಂಜದ ಗ್ರಹಚಾರ ನೋಡಿ.

ಹುಂಜ ಯಾಕೆ ಮುಖ್ಯ ಅಂದರೆ, ಕಿಯಾಂತಿ ಬೇರೆ, ಕಿಯಾಂತಿ ಕ್ಲಾಸಿಕೊ ಬೇರೆ. 1716ರಲ್ಲೇ ಟಸ್ಕನಿಯ ಗ್ರ್ಯಾಂಡ್ ಡ್ಯೂಕ್ ಮೂರನೇ ಕೋಸಿಮೊ ದೇ ಮೆದಿಚಿ, ಕಿಯಾಂತಿ ಅಂದರೆ ಇಂತಿಂಥ ಊರುಗಳ ನಡುವಿನ ಜಾಗ ಮಾತ್ರ ಅಂತ ಆಜ್ಞೆ ಹೊರಡಿಸಿದ್ದ. ಆಮೇಲೆ ಹೆಸರಿಗೆ ಬೆಲೆ ಬಂದ ಮೇಲೆ ಅಕ್ಕಪಕ್ಕದವರೆಲ್ಲ ನಮ್ಮದೂ ಕಿಯಾಂತಿ ಅಂದರು. 1932ರಲ್ಲಿ ಸರ್ಕಾರವೇ ಗಡಿ ಹಿಗ್ಗಿಸಿ ಬಿಟ್ಟಿತು, ಹಳೇ ಜಾಗದವರಿಗೆ ಸಮಾಧಾನಕ್ಕೆ ಕ್ಲಾಸಿಕೊ ಅನ್ನುವ ಬಾಲ ಸಿಕ್ಕಿತು. ಮೈಸೂರು ಮಲ್ಲಿಗೆ ಅಂತ ಎಲ್ಲ ಊರಿನ ಮಲ್ಲಿಗೆಯನ್ನೂ ಮಾರಿದರೆ ಮೈಸೂರಿನವರಿಗೆ ಹೇಗಾಗುತ್ತದೆ, ಹಾಗೆ. 1996ರಿಂದ ಕ್ಲಾಸಿಕೊ ತನ್ನದೇ ಪ್ರತ್ಯೇಕ ಡಿಓಸಿಜಿ (ಇಟಲಿಯ ವೈನುಗಳಿಗೆ ಇರುವ ಎಲ್ಲಕ್ಕಿಂತ ಮೇಲಿನ ದರ್ಜೆ) ನಿಯಮದಡಿ ಬಂದಿದೆ. ಬರೀ ಕಿಯಾಂತಿ ಅಂತ ಬರೆದ ಬಾಟಲಿಯಲ್ಲೂ ಒಳ್ಳೆಯವು ಇವೆ, ಅದರಲ್ಲೂ ರೂಫಿನಾ ಕಡೆಯವು. ಆದರೆ ಏನೂ ಗೊತ್ತಿಲ್ಲದೆ ಅಂಗಡಿಗೆ ಹೋದರೆ ಹುಂಜ ಹುಡುಕಿ, ಮೋಸ ಹೋಗುವುದು ಕಡಿಮೆ.

ಇನ್ನು ಹುಲ್ಲಿನ ಬುಟ್ಟಿ ಸುತ್ತಿದ ಹೊಟ್ಟೆ ದಪ್ಪದ ಬಾಟಲಿ. ಅದಕ್ಕೆ ಫಿಯಾಸ್ಕೊ ಅಂತ ಹೆಸರು. ಖಾಲಿಯಾದ ಮೇಲೆ ಬಾಯಿಗೆ ಮೇಣದಬತ್ತಿ ಸಿಕ್ಕಿಸಿ ಪಿಜ್ಜಾ ಹೋಟೆಲುಗಳಲ್ಲಿ ಅಲಂಕಾರಕ್ಕೆ ಇಟ್ಟಿರುತ್ತಾರಲ್ಲ, ಅದೇ. ಬಹಳ ಜನರಿಗೆ ಕಿಯಾಂತಿ ಅಂದರೆ ಆ ಬಾಟಲಿಯೇ ಕಣ್ಣಿಗೆ ಬರುವುದು, ಅಗ್ಗದ ವೈನ್ ಅನ್ನುವ ಹೆಸರೂ ಅದರ ಜೊತೆಗೇ ಬಂದದ್ದು. ಹೆಸರು ಕೆಡಲು ಕಾರಣವೂ ಇತ್ತು. ಬ್ರೋಲಿಯೊ ಕೋಟೆಯ ಬೆತ್ತೀನೊ ರಿಕಾಸೊಲಿ, ಇಟಲಿಯ ಎರಡನೇ ಪ್ರಧಾನಿಯಾಗಿದ್ದವನು, ಎಷ್ಟೋ ವರ್ಷ ಪ್ರಯೋಗ ಮಾಡಿ 1872ರಲ್ಲಿ ಪೀಸಾ ವಿಶ್ವವಿದ್ಯಾಲಯದ ಪ್ರೊಫೆಸರ್ ಒಬ್ಬರಿಗೆ ಕಾಗದ ಬರೆದ. ಪರಿಮಳಕ್ಕೆ, ಕಸುವಿಗೆ ಸಾಂಜೊವೇಸೆ, ಅದನ್ನು ಮೃದು ಮಾಡಲು ಕನಯೋಲೊ, ಬೇಗ ಕುಡಿದು ಮುಗಿಸುವ ಹಗುರ ವೈನಿಗೆ ಮಾತ್ರ ಬಿಳಿ ಮಲ್ವಾಸಿಯಾ ಅಂತ ಅವನ ಲೆಕ್ಕ. ಬಹಳ ದಿನ ಇಡುವ ವೈನಿಗೆ ಬಿಳಿ ದ್ರಾಕ್ಷಿ ಬೇಡ ಅಂತಲೇ ಅವನು ಹೇಳಿದ್ದು. ಆದರೆ 1967ರಲ್ಲಿ ಸರ್ಕಾರ ನಿಯಮ ಮಾಡುವಾಗ ಬಿಳಿ ದ್ರಾಕ್ಷಿ 10ರಿಂದ 30% ಹಾಕಲೇಬೇಕು ಅಂತ ಕಡ್ಡಾಯ ಮಾಡಿಬಿಟ್ಟರು. ಸಾರಿಗೆ ನೀರು ಬೆರೆಸುವುದನ್ನು ಕಾನೂನು ಮಾಡಿದ ಹಾಗೆ. ಪುಸಪುಸ ಅನ್ನುವ, ಬೇಗ ಹಾಳಾಗುವ ವೈನು ಬುಟ್ಟಿ ಬಾಟಲಿಯಲ್ಲಿ ಪ್ರಪಂಚಕ್ಕೆಲ್ಲ ಹೋಯಿತು.

ಇದರಿಂದ ರೋಸಿಹೋದವರು ಕಾನೂನಿನಿಂದಲೇ ಹೊರಗೆ ಹೋದರು. ಅಂತಿನೋರಿ ಮನೆತನದವರು ತಿನ್ಯಾನೆಲ್ಲೊ ಅಂತ 1971ರ ಫಸಲಿನ ವೈನಿಗೆ ಕಿಯಾಂತಿ ಅನ್ನುವ ಹೆಸರೇ ಬಿಟ್ಟು, ಸಾಮಾನ್ಯ ಮೇಜಿನ ವೈನ್ ಅನ್ನುವ ಕೆಳ ದರ್ಜೆಯಲ್ಲಿ ಮಾರಿದರು. 1977ರಲ್ಲಿ ರಾದ್ದಾದ ಮೊಂತೆವೆರ್ತಿನೆಯವರು ಪೂರ್ತಿ ಸಾಂಜೊವೇಸೆಯಿಂದ ಲೆ ಪೆರ್ಗೊಲೆ ತೋರ್ತೆ ಮಾಡಿದರು. ನಿಯಮದ ಪ್ರಕಾರ ಅದು ಕಿಯಾಂತಿ ಆಗಲೇ ಇಲ್ಲ! ಬೆಲೆ ಮಾತ್ರ ಕಿಯಾಂತಿಗಿಂತ ಎಷ್ಟೋ ಮೇಲೆ ಹೋಯಿತು. ಸರ್ಕಾರ ನಿಧಾನಕ್ಕೆ ಪಾಠ ಕಲಿಯಿತು, 2006ರ ಫಸಲಿನಿಂದ ಕ್ಲಾಸಿಕೊದಲ್ಲಿ ಬಿಳಿ ದ್ರಾಕ್ಷಿಗೆ ಪೂರ್ತಿ ನಿಷೇಧ. ಹಾಗಾಗಿ ನಿಮ್ಮ ಮಾವ ಎಂದೋ ವಿದೇಶಕ್ಕೆ ಹೋದಾಗ ಕುಡಿದು "ಏನೂ ಇಲ್ಲಪ್ಪ ಅದರಲ್ಲಿ" ಅಂದಿದ್ದರೆ, ಅವರು ಹೇಳಿದ್ದು ಸುಳ್ಳಲ್ಲ. ಈಗಿನದು ಬೇರೆ ವೈನ್.

ಹುಂಜದ ಬಾಟಲಿಯಲ್ಲೂ ಮೂರು ಮೆಟ್ಟಿಲಿವೆ. ಸಾದಾ ಅನ್ನುವುದನ್ನು ಅನ್ನಾತಾ ಅನ್ನುತ್ತಾರೆ, 12 ತಿಂಗಳು ಇಟ್ಟು ಮಾರುತ್ತಾರೆ. ರಿಸೆರ್ವಾ 24 ತಿಂಗಳು. ಗ್ರಾನ್ ಸೆಲೆತ್ಸಿಯೋನೆ 30 ತಿಂಗಳು, ದ್ರಾಕ್ಷಿಯೂ ಸ್ವಂತ ತೋಟದ್ದೇ ಆಗಿರಬೇಕು. ಕೊನೆಯದು 2014ರಲ್ಲಿ ಬಂದ ಹೊಸ ದರ್ಜೆ. ಮೇಲಿನ ಮೆಟ್ಟಿಲು ಅಂದ ತಕ್ಷಣ ರುಚಿಯೂ ಮೇಲೆ ಅಂತ ಅಲ್ಲ, ಇದು ನನ್ನ ಅಭಿಪ್ರಾಯ. ನಾನು ಕುಡಿದ ಎರಡು ಗ್ರಾನ್ ಸೆಲೆತ್ಸಿಯೋನೆಗಳಲ್ಲಿ ಒಂದು ಭರ್ಜರಿಯಾಗಿತ್ತು, ಇನ್ನೊಂದರಲ್ಲಿ ಮರದ ಪೀಪಾಯಿ ಬಿಟ್ಟು ಬೇರೇನೂ ಸಿಗಲಿಲ್ಲ, ವೆನಿಲ್ಲಾ ಐಸ್‌ಕ್ರೀಮಿಗೆ ಹಲಗೆ ಅದ್ದಿದ ಹಾಗೆ. ಹೊಸ ಫ್ರೆಂಚ್ ಓಕಿನ ಸಣ್ಣ ಪೀಪಾಯಿಯಲ್ಲಿ ಇಟ್ಟರೆ ಹೀಗಾಗುವುದುಂಟು. ಹಳೇ ಕಾಲದ ದೊಡ್ಡ ಪೀಪಾಯಿಗಳಲ್ಲಿ ಇಟ್ಟದ್ದರಲ್ಲಿ ಹಣ್ಣಿನ ರುಚಿ ಹೆಚ್ಚು ಉಳಿಯುತ್ತದೆ. ದಿನದ ಊಟಕ್ಕೆ ಅನ್ನಾತಾವೇ ಸಾಕು, ಅದೇ ಇಷ್ಟ.

ಭಾವ ಮನೆಯಲ್ಲಿ ಮೂರು ಅನ್ನಾತಾ ಒಟ್ಟಿಗೆ ತೆರೆದರು, ಮೂರೂ ಸೇರಿ 80 ಯೂರೋ ಒಳಗೆ. ಒಂದು ರಾದ್ದಾ ಕಡೆಯ ವೋಲ್ಪಾಯಾ. ಅದು ಎತ್ತರದ ಗುಡ್ಡದ ಮೇಲಿನ ಹಳೇ ಕೋಟೆ ಹಳ್ಳಿ, ಮನೆಗಳ ಗೋಡೆಯ ಹಿಂದೆಲ್ಲ ವೈನ್ ಪೀಪಾಯಿಗಳೇ. ವೈನು ತೆಳ್ಳಗೆ, ಚುರುಕು, ಹುಳಿ ಮುಂದೆ. ನನಗೆ ಇದೇ ಎಲ್ಲಕ್ಕಿಂತ ಮೆಚ್ಚುಗೆ ಆಯಿತು. ಎರಡನೆಯದು ಪಂಜಾನೊದ ಫೊಂತೋದಿ, ಪೂರ್ತಿ ಸಾಂಜೊವೇಸೆ, ಸಾವಯವ ತೋಟ. ಅಲ್ಲಿ ಬಿಸಿಲಿಗೆ ಮುಖ ಮಾಡಿದ ಬಟ್ಟಲಿನಂಥ ಕಣಿವೆ ಇದೆ, ಬಂಗಾರದ ಬಟ್ಟಲು ಅಂತಲೇ ಅದರ ಹೆಸರು. ವೈನಿನಲ್ಲೂ ಬಿಸಿಲು ಗೊತ್ತಾಗುತ್ತದೆ, ಹಣ್ಣು ತುಂಬಿಕೊಂಡಿದೆ, ಒಗರು ನುಣುಪು. ಭಾವನ ಓಟು ಇದಕ್ಕೆ. ಮೂರನೆಯದು ದಕ್ಷಿಣದ ತುದಿಯ ಕಾಸ್ತೆಲ್‌ನುವೊವೊ ಬೆರಾರ್ದೆಂಗಾದ ಫೆಲ್ಸಿನಾ. ಇದೂ ಪೂರ್ತಿ ಸಾಂಜೊವೇಸೆ. ತೆರೆದಾಗ ಬಾಯಿ ಮುಚ್ಚಿಕೊಂಡಿತ್ತು, ಒರಟು, ಮಾತಾಡಲೇ ಇಲ್ಲ. ಎರಡು ಗಂಟೆ ಬಿಟ್ಟು ಮತ್ತೆ ಸುರಿದುಕೊಂಡರೆ ಬೇರೆಯೇ ವೈನ್, ಮಣ್ಣು, ಸೊಪ್ಪು, ಹಳೇ ಮರದ ಪೆಟ್ಟಿಗೆಯ ವಾಸನೆ. ಅಕ್ಕ ಅದನ್ನೇ ಕೊನೆಯ ಹನಿಯ ತನಕ ಕುಡಿದಳು. ಮೂರೂ ಊರುಗಳ ನಡುವೆ ಕಾರಿನಲ್ಲಿ ಹೋದರೆ ಒಂದು ಗಂಟೆಯೂ ಇಲ್ಲ, ಮೂರೂ ಬೇರೆ ಬೇರೆ. 2021ರಲ್ಲಿ ಇಡೀ ಪ್ರದೇಶವನ್ನು 11 ಭಾಗ ಮಾಡಿ, ಗ್ರಾನ್ ಸೆಲೆತ್ಸಿಯೋನೆ ಬಾಟಲಿಗಳ ಮೇಲೆ ಆ ಭಾಗದ ಹೆಸರು ಹಾಕಲು ಒಪ್ಪಿದ್ದು ಇದಕ್ಕೇ ಅಂತೆ.

ಊಟದ ವಿಷಯಕ್ಕೆ ಬಂದರೆ, ಅಲ್ಲಿನವರು ಇದರ ಜೊತೆ ತಿನ್ನುವುದು ಬಿಸ್ತೆಕ್ಕಾ ಅಲ್ಲಾ ಫಿಯೊರೆಂತೀನಾ, ಮೂರು ಬೆರಳು ದಪ್ಪದ ದನದ ಮಾಂಸ, ಕೆಂಡದ ಮೇಲೆ ಸುಟ್ಟಿದ್ದು. ನಾನು ತಿನ್ನುವುದಿಲ್ಲ, ಹಾಗಾಗಿ ಅದರ ಬಗ್ಗೆ ಭಾವನ ಮುಖದಲ್ಲಿ ಕಂಡ ನೆಮ್ಮದಿ ಬಿಟ್ಟು ಬೇರೆ ಸಾಕ್ಷಿ ನನ್ನ ಹತ್ತಿರ ಇಲ್ಲ. ಸಸ್ಯಾಹಾರಿಗಳಿಗೂ ಕೊರತೆ ಇಲ್ಲ. ಟೊಮೇಟೊ ಹಾಕಿದ ಏನೇ ಇರಲಿ, ಬಿಳಿ ಬೀನ್ಸು, ಸೊಪ್ಪು ಬೇಯಿಸಿದ ರಿಬೊಲ್ಲೀತಾ, ಅಣಬೆ, ಬದನೆಕಾಯಿ, ಹಳೇ ಪೆಕೊರೀನೊ. ಬೆಂಗಳೂರಿಗೆ ಬಂದ ಮೇಲೆ ನಮ್ಮ ಅಡುಗೆ ಜೊತೆಗೂ ನೋಡಿದೆ. ಬಿಸಿಬೇಳೆ ಬಾತ್ ಜೊತೆ ಸೋಲು, ಒಣಮೆಣಸಿನ ಖಾರದ ಮೇಲೆ ಒಗರು ಬಿದ್ದರೆ ಬಾಯಿ ಉರಿದುಹೋಗುತ್ತದೆ. ಗೊಜ್ಜಿನ ಬೆಲ್ಲಕ್ಕೆ ವೈನು ಇನ್ನೂ ಹುಳ್ಳಗಾಯಿತು. ಬದನೆಕಾಯಿ ಸುಟ್ಟು, ಬೆಳ್ಳುಳ್ಳಿ ಎಣ್ಣೆ ಹಾಕಿ ಕಲಸಿದ್ದರ ಜೊತೆ ಚೆನ್ನಾಗಿತ್ತು. ಹಸಿಮೆಣಸು ಮಾತ್ರ ಕಡಿಮೆ ಹಾಕಿ. ಪಕ್ಕದ ಮನೆಯವರು ಕಾಳುಮೆಣಸಿನ ಮಟನ್ ಚಾಪ್ಸ್ ಜೊತೆ ಕುಡಿದು ತುಂಬ ಹೊಗಳಿದರು.

ಗೊಣಗಾಟವೂ ಇದೆ. ಒಂದು, ಹೆಸರು, ದರ್ಜೆ, ಭಾಗ, ಮನೆತನ, ಕೋಟೆ ಅಂತ ಲೇಬಲ್ಲಿನ ಮೇಲೆ ಎಷ್ಟೆಲ್ಲ ಬರೆದಿರುತ್ತಾರೆ ಅಂದರೆ ಹೊಸಬರಿಗೆ ತಲೆ ಕೆಡುತ್ತದೆ. ಎರಡು, ಬಾಟಲಿಯಿಂದ ಬಾಟಲಿಗೆ ಗುಣ ಬದಲಾಗುತ್ತದೆ, ಅಗ್ಗದ್ದರಲ್ಲಿ ಕೆಲವು ಬರೀ ಹುಳಿ ನೀರು. ಮೂರು, ಪ್ರವಾಸಿಗರ ಜಾಗ. ಫ್ಲಾರೆನ್ಸಿನ ದೊಡ್ಡ ಚರ್ಚಿನ ಹತ್ತಿರದ ಒಂದು ಕಡೆ 9 ಯೂರೋಗೆ ಒಂದು ಗ್ಲಾಸ್ ಕೊಟ್ಟರು, ಅದು ವಿನೆಗರ್ ಆಗುವ ದಾರಿಯಲ್ಲಿತ್ತು. ಹೇಳಿದರೆ "ಇದು ಹೀಗೇ" ಅಂದರು. ಅದು ಹಾಗಲ್ಲ. ಕಿಯಾಂತಿಯ ಹುಳಿ ಬಾಯಲ್ಲಿ ನೀರೂರಿಸುತ್ತದೆ, ಕೆಟ್ಟ ವೈನಿನ ಹುಳಿ ಗಂಟಲು ಕೆರೆಯುತ್ತದೆ. ಎರಡೂ ಒಂದೇ ಅಂತ ಯಾರಾದರೂ ಹೇಳಿದರೆ ಗ್ಲಾಸ್ ವಾಪಸ್ ಕೊಡಿ.

ನಮ್ಮೂರಲ್ಲಿ ಕೊಳ್ಳುವುದು ಬೇರೆ ಕಥೆ. ಹೊರಗಿನ ವೈನಿಗೆ ವರ್ಷಗಟ್ಟಲೆ 150% ಆಮದು ಸುಂಕ ಇತ್ತು, ಅದರ ಮೇಲೆ ರಾಜ್ಯದ ತೆರಿಗೆ. ಅಲ್ಲಿ 20 ಯೂರೋದ ಬಾಟಲಿಗೆ ಇಲ್ಲಿ ಹೇಳುವ ರೇಟು ಕೇಳಿದರೆ ಚೊಗರೇ ಸಾಕು ಅನಿಸುತ್ತದೆ. ಬರುವಾಗ ಒಬ್ಬರಿಗೆ 2 ಲೀಟರ್ ತನಕ ಸುಂಕವಿಲ್ಲದೆ ತರಬಹುದು, ಅಂದರೆ ಆರಾಮಾಗಿ ಎರಡು ಬಾಟಲಿ. ಟರ್ಕಿ ಟವಲ್ಲಿನಲ್ಲಿ ಸುತ್ತಿ, ಮೇಲೆ ಸೀರೆ ಸುತ್ತಿ, ದೊಡ್ಡ ಸೂಟ್‌ಕೇಸಿನ ನಡುವೆ ಇಟ್ಟು ತಂದೆ, ಒಡೆಯಲಿಲ್ಲ. ಸಾಂಜೊವೇಸೆ ರುಚಿ ಹೇಗಿರುತ್ತದೆ ಅಂತ ಕಡಿಮೆ ಖರ್ಚಿನಲ್ಲಿ ನೋಡಬೇಕಾದರೆ ಇಲ್ಲೇ ದಾರಿ ಇದೆ. ಕೊಪ್ಪಳ ಜಿಲ್ಲೆಯಲ್ಲಿ, ಹಂಪಿ ಬೆಟ್ಟದ ಕಡೆ ಸಾಂಜೊವೇಸೆ ಬೆಳೆದು ವೈನ್ ಮಾಡುತ್ತಾರೆ. ಮಹಾರಾಷ್ಟ್ರದ ಅಕ್ಲೂಜಿನ ಫ್ರಾತೆಲ್ಲಿ ಕಂಪನಿಯವರ "ಸೆತ್ತೆ" ಅನ್ನುವ ವೈನಿನಲ್ಲೂ ಕ್ಯಾಬರ್ನೆ ಜೊತೆ ಇದೇ ದ್ರಾಕ್ಷಿ, ಅದನ್ನು ರೂಪಿಸಿದ್ದೂ ಟಸ್ಕನಿಯ ವೈನ್ ತಯಾರಕ ಪಿಯೆರೊ ಮಾಸಿ. ಕಿಯಾಂತಿ ಅಂತ ಕರೆಯುವ ಹಾಗಿಲ್ಲ, ಕುಡಿದರೂ ಕಿಯಾಂತಿ ಅನಿಸುವುದಿಲ್ಲ, ನಮ್ಮ ಬಿಸಿಲಿಗೆ ಹಣ್ಣು ದಪ್ಪಗೆ, ಹುಳಿ ಮೆತ್ತಗೆ. ಆದರೂ ನೆಂಟಸ್ತಿಕೆ ಗೊತ್ತಾಗುತ್ತದೆ.

ಕುಡಿಯುವಾಗ ಒಂದೇ ಒಂದು ಮಾತು ನೆನಪಿಡಿ: ರೂಮಿನ ಬಿಸಿಯಲ್ಲಿ ಕುಡಿಯಿರಿ ಅಂತ ಯಾರೋ ಯೂರೋಪಿನವರು ಹೇಳಿದ ರೂಮು ನಮ್ಮ ರೂಮಲ್ಲ. 16ರಿಂದ 18 ಡಿಗ್ರಿ ಇರಬೇಕು. ಬೆಂಗಳೂರಿನಲ್ಲಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಮಂಗಳೂರು, ರಾಯಚೂರು ಆದರೆ ಇನ್ನೂ ಹತ್ತು ನಿಮಿಷ ಜಾಸ್ತಿ. ತೆರೆದ ಬಾಟಲಿಯನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಚೆನ್ನಾಗಿರುತ್ತದೆ, ಆಮೇಲೆ ಸಾರಿಗೂ ಹಾಕಬೇಡಿ.

ಅಂಕ ಕೊಡಲೇಬೇಕು ಅಂದರೆ ಊಟದ ಜೊತೆ 5ಕ್ಕೆ 4.5, ಬರೀ ವೈನಿಗೆ 3. ತಂದ ಎರಡು ಬಾಟಲಿಯಲ್ಲಿ ವೋಲ್ಪಾಯಾ ದೀಪಾವಳಿಗೇ ಮುಗಿಯಿತು. ಊರಿಂದ ಬಂದಿದ್ದ ಚಿಕ್ಕಪ್ಪ ಬೇಡ ಬೇಡ ಅನ್ನುತ್ತಲೇ ಒಂದು ಗುಟುಕು ಬಾಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಳ್ಳೇ ಅಡಿಕೆ ಅಗಿದಂಗಾತಲ್ಲೇ" ಅಂದರು, ಎಲೆ ತಟ್ಟೆ ಎಲ್ಲಿ ಅಂತ ಕೇಳಿದರು. ಫೆಲ್ಸಿನಾ ಅಡುಗೆಮನೆಯ ಅಕ್ಕಿ ಡಬ್ಬದ ಹಿಂದೆ ಮಲಗಿದೆ, ನಮ್ಮನೆಯಲ್ಲಿ ತಂಪು ಜಾಗ ಅಂದರೆ ಅದೊಂದೇ. ಐದು ವರ್ಷ ಮುಟ್ಟಬೇಡ ಅಂತ ಭಾವ ಹೇಳಿದ್ದಾರೆ. ಭಾನುವಾರ ಬಂದಾಗಲೆಲ್ಲ ನಮ್ಮನೆಯವರು ಅಕ್ಕಿ ಖಾಲಿಯಾಯಿತಾ ಅಂತ ಕೇಳುತ್ತಾರೆ.